ಕಿಟ್ಟದ ಓಣಿಗೆ ಬಣ್ಣ ಬಳಿದದ್ದು

ಮದುವೆಯಾಗಿ ಈ ಓಣಿಗೆ ಕಾಲಿಟ್ಟ ದಿನ ನಾನು ಆಡಿದ ಮೊದಲ ಮಾತು, "ಇಲ್ಲಿ ಗ್ವಾಡಿ ಯಾಕ ಇಷ್ಟು ಕರ್ರಗ ಅದಾವ?" ಎಂಬುದು. ಹೊಸ ಸೊಸೆ ತಲೆ ತಗ್ಗಿಸಿ ಹೊಸ್ತಿಲ ಮೇಲಿನ ಅಕ್ಕಿ ಸೇರು ಒದೆಯಬೇಕು. ನಾನು ಕತ್ತೆತ್ತಿ ಗೋಡೆ ನೋಡುತ್ತ ನಿಂತುಬಿಟ್ಟಿದ್ದೆ. ಆರತಿ ತಟ್ಟೆ ಹಿಡಿದ ಅತ್ತೆಗೆ ಕೈ ನೋವು ಬಂದಿರಬೇಕು. ಗುಂಪಿನಿಂದ ಒಬ್ಬಾಕೆ, "ಅಯ್ಯ, ಈಕಿ ಬಾಳೇವು ಮಾಡಾಕ ಬಂದಾಳೋ, ಮನಿ ಕೊಳ್ಳಾಕ ಬಂದಾಳೋ?" ಎಂದಳು. ಎಲ್ಲರೂ ಗೊಳ್ಳೆಂದರು. ಆಕೆ ನಮ್ಮ ಪಕ್ಕದ ಮನೆಯವಳು. ಅವತ್ತಿನಿಂದ ಆಕೆ ನನಗೆ ಅಕ್ಕ, ಆಕೆಯ ಗಂಡ ಅಣ್ಣ. ಇದು ಇಪ್ಪತ್ತಾರು ವರ್ಷದ ಹಿಂದಿನ ಮಾತು.

ನನ್ನ ತವರು ಹಂಪಸಾಗರದ ಕಡೆ. ಅಲ್ಲಿ ಹೊಳೆ ಮಣ್ಣಿನ ಗೋಡೆ, ಮೇಲೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಬೆಳ್ಳಗಿಲ್ಲದ ಮನೆಯನ್ನೇ ನಾನು ಕಂಡಿರಲಿಲ್ಲ. ಇಲ್ಲಿ ನೋಡಿದರೆ ಮೂವತ್ತನಾಲ್ಕು ಮನೆ, ಎರಡು ಸಾಲು, ಎಲ್ಲವೂ ಮಸಿ ಪಾತ್ರೆಯ ತಳದ ಬಣ್ಣ. ಆದರೆ ಮಳೆ ಬಂದು ನಿಂತು ಬಿಸಿಲು ಬಿದ್ದರೆ ಅದೇ ಗೋಡೆ ಅಲ್ಲಲ್ಲಿ ನೀಲಿಯಾಗಿ, ಹಸಿರಾಗಿ ಮಿಂಚುತ್ತಿತ್ತು. ಒಂದು ದಿನ ಹಾಗೆ ಮಿಂಚಿದ್ದನ್ನು ನೋಡಿ ಒಲೆಯ ಮೇಲಿನ ಸಾರು ಮರೆತು, ಅದು ಸೀದು, ಅತ್ತೆಯಿಂದ ಬೈಸಿಕೊಂಡದ್ದು ನೆನಪಿದೆ. ಕೇಳುವ ಚಟ ಹುಟ್ಟಿನಿಂದಲೇ ಬಂದದ್ದು. ನಮ್ಮ ಅಪ್ಪ ನನ್ನನ್ನು ಶಾಲೆ ಟೀಚರ್ ಮಾಡಿದ್ದೇ, ಇನ್ನು ಮೇಲಾದರೂ ಬೇರೆಯವರ ಮಕ್ಕಳು ನನ್ನನ್ನು ಕೇಳಿ ಕೇಳಿ ಸುಸ್ತು ಮಾಡಲಿ ಎಂದು.

ನಮ್ಮೂರು ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಸಣ್ಣ ಪೇಟೆ. ಊರ ಪಡುವಣ ತುದಿಯಲ್ಲಿ ಆಗ ಕಬ್ಬಿಣದ ಮಿಲ್ಲು ಇತ್ತು. ಗಾಡಿ ಗಾಲಿಯ ಪಟ್ಟಿ, ಬೆಲ್ಲ ಕಾಯಿಸುವ ಕೊಪ್ಪರಿಗೆ, ನೇಗಿಲ ಕುಳ, ಕೊನೆ ಕೊನೆಗೆ ಮನೆ ಕಟ್ಟುವ ಸರಳು, ಇಷ್ಟು ಅಲ್ಲಿ ಆಗುತ್ತಿದ್ದವು. ಸಂಡೂರು ಗುಡ್ಡದಿಂದ ಅದಿರು ಬರುತ್ತಿತ್ತು. ಅದನ್ನು ಕರಗಿಸಿದಾಗ ಕಬ್ಬಿಣ ಕೆಳಗಿಳಿದು ಮೇಲೆ ಗಾಜಿನ ಪಾಕದಂಥ ಕಸ ತೇಲುತ್ತದೆ. ಅದೇ ಕಿಟ್ಟ. ಬೇರೆ ಕಡೆ ಅದನ್ನು ಗುಡ್ಡೆ ಹಾಕುತ್ತಾರಂತೆ. ಇಲ್ಲಿಯವರು ಬಿಸಿ ಇರುವಾಗಲೇ ಇಟ್ಟಿಗೆಯ ಅಚ್ಚಿಗೆ ಹೊಯ್ದು ಆರಿಸಿಕೊಂಡು ಮನೆ ಕಟ್ಟಿಕೊಂಡಿದ್ದರು. ಯಾರ ಪಾಳಿಯಲ್ಲಿ ಬಂದ ಕಿಟ್ಟವೋ ಅದು ಅವರ ಮನೆಗೆ. ಅಪ್ಪ ಅರ್ಧ ಗೋಡೆ ಕಟ್ಟಿದರೆ ಮಗ ಉಳಿದರ್ಧ. ಹೀಗಾಗಿ ಒಂದೊಂದು ಮನೆಯ ಮುಂಗೋಡೆ ಏಳಲು ಎರಡೆರಡು ತಲೆಮಾರು ಹಿಡಿದಿತ್ತು.

ಇದನ್ನೆಲ್ಲ ನನಗೆ ಹೇಳಿದವರು ಪಕ್ಕದ ಮನೆಯ ಅಣ್ಣ. ಕುಲುಮೆಯ ಬಾಯಲ್ಲಿ ಕೆಲಸ ಮಾಡುತ್ತಿದ್ದವರು, ಹುಬ್ಬೆಲ್ಲ ಸುಟ್ಟುಹೋಗಿ ಮುಖ ಯಾವಾಗಲೂ ಆಶ್ಚರ್ಯಪಟ್ಟಂತೆ ಕಾಣುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದರೆ ನಾನು ಎದುರಿಗೆ ಹಾಜರು. ಒಂದು ಸಂಜೆ ಹೇಳಿದರು:

"ಕಿಟ್ಟ ಸುಳ್ಳು ಹೇಳಂಗಿಲ್ಲವ್ವ. ಬೆಂಕಿ ಸರಿ ಬಿದ್ದಿದ್ರ ಕಬ್ಬಿಣೆಲ್ಲ ಕೆಳಗ ಇಳೀತೈತಿ, ಕಿಟ್ಟ ನೀಲಿ ಬರ್ತೈತಿ, ಹಗೂರ ಇರ್ತೈತಿ. ಬೆಂಕಿ ಕೆಟ್ರ ಕಬ್ಬಿಣ ಕಸದಾಗ ಉಳೀತೈತಿ. ಆವಾಗ ಕಿಟ್ಟ ಕರ್ರಗ, ಭಾರ. ನೋಡಿಲ್ಲಿ, ಕೆಳಗಿನ ಅರ್ಧ ನಮ್ಮಪ್ಪಂದು. ಎಲ್ಲಾ ನೀಲಿ. ಇಲ್ಲಿಂದ ಮ್ಯಾಲೆ ನಂದು."

ಅವರು ತೋರಿಸಿದ ಕಡೆ ಎರಡು ವರಸೆ ಇಟ್ಟಿಗೆ ಕಪ್ಪು ಅಂದರೆ ಕಡುಗಪ್ಪು. "ಇವು ಯಾಕ್ರಣ್ಣ ಹಿಂಗ?" ಎಂದೆ.

"ಕಲಿಯೋವಾಗಿನವು. ಆ ಎರಡು ವರಸಿಗೆ ನಮ್ಮಪ್ಪ ಬೈದಿದ್ದು ಬೈದಿದ್ದಲ್ಲ."

ನಾನು ಮಾರನೆಯ ದಿನ ಶಾಲೆಯ ವಿಜ್ಞಾನದ ಪೆಟ್ಟಿಗೆಯಿಂದ ಅಯಸ್ಕಾಂತ ತಂದೆ. ನೀಲಿ ಇಟ್ಟಿಗೆಗೆ ಹಿಡಿದರೆ ಜಾರಿ ಬಿತ್ತು. ಆ ಎರಡು ವರಸೆಗೆ ಹಿಡಿದರೆ ಪಟ್ಟನೆ ಕಚ್ಚಿಕೊಂಡಿತು. ಅಣ್ಣ ಬೀಡಿ ಕೆಳಗೆ ಹಾಕಿ ನಕ್ಕದ್ದೇ ನಕ್ಕದ್ದು. "ಲೇ, ಬಾ ಇಲ್ಲಿ, ಟೀಚರಮ್ಮ ನನ್ನ ತಪ್ಪು ಹಿಡ್ಯಾಕ ಮಿಷನ್ನು ತಂದಾಳ!" ಎಂದು ಹೆಂಡತಿಯನ್ನು ಕೂಗಿದರು. ಅಕ್ಕ ಬಾಗಿಲಿಗೆ ಬಂದು, "ನಿಮ್ಮ ತಪ್ಪು ಹಿಡ್ಯಾಕ ಮಿಷನ್ ಯಾಕ ಬೇಕು, ನಾ ಇಲ್ಲೇನು?" ಎಂದು ಒಳಗೆ ಹೋದಳು. ಆಮೇಲೆ ತಿಂಗಳುಗಟ್ಟಲೆ ನಾನು ಓಣಿಯ ಮೂವತ್ತನಾಲ್ಕು ಮನೆಯ ಗೋಡೆಗೂ ಅಯಸ್ಕಾಂತ ಹಿಡಿದುಕೊಂಡು ತಿರುಗಿದೆ. ಯಾರಪ್ಪ ಜಾಣ, ಯಾರಪ್ಪ ದಡ್ಡ ಎಂದು ನನಗೆ ಗೊತ್ತಾಗಿಬಿಡುತ್ತದೆಂದು ಕೆಲವರು ನನ್ನನ್ನು ಕಂಡರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

ನಾನು ಬಂದ ಆರನೆಯ ವರ್ಷಕ್ಕೆ ಮಿಲ್ಲು ಮುಚ್ಚಿತು. ಗಾಡಿ ಹೋಗಿ ಟ್ರ್ಯಾಕ್ಟರ್ ಬಂದಿತ್ತು, ಆಚೆ ದೊಡ್ಡ ದೊಡ್ಡ ಕಾರ್ಖಾನೆಗಳು ಬಂದಿದ್ದವು, ನಮ್ಮ ಹಳೆಯ ಕುಲುಮೆಯನ್ನು ಯಾರು ಕೇಳುತ್ತಾರೆ. ಅಣ್ಣ ಒಂದು ವೆಲ್ಡಿಂಗ್ ಅಂಗಡಿಗೆ ಸೇರಿದರು. ಉಳಿದವರು ಅಂಗಡಿ, ಟೆಂಪೋ, ಹೊಲ, ಶಾಲೆಯ ಅಡುಗೆ, ಆಸ್ಪತ್ರೆಯ ವಾರ್ಡು, ಸಿಕ್ಕಿದ ಕಡೆ ಹೋದರು. ಮಿಲ್ಲಿನ ಶೆಡ್ಡಿನ ತಗಡು ಒಂದೊಂದೇ ಕಾಣೆಯಾದವು. ಓಣಿ ಮಾತ್ರ ಹಾಗೇ ಇತ್ತು, ಯಾಕೆಂದರೆ ಅದನ್ನು ಯಾರೂ ನೋಡುತ್ತಿರಲಿಲ್ಲ.

ಹೋದ ವರ್ಷ ಮಿಲ್ಲಿನ ಜಾಗ ಕೊಂಡ ಹೊಸ ಯಜಮಾನರ ಕಡೆಯವರು ಟೇಪು ಹಿಡಿದುಕೊಂಡು ಬಂದು ಓಣಿಯನ್ನೂ ಅಳೆದುಕೊಂಡು ಹೋದರು. ಮನೆ ನಮ್ಮದು, ನೆಲ ಮಿಲ್ಲಿನದು. ಓಣಿ ಕೆಡವಿದರೆ ಎಲ್ಲಿಗೆ ಹೋಗುವುದು ಎಂಬ ಮಾತು ಮನೆ ಮನೆಯಲ್ಲಿ ಶುರುವಾಯಿತು. ನಾನು ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಶಾಲೆಗೆ ಹೋಗಿ ಬರುವಾಗೆಲ್ಲ ಅದನ್ನೇ ಯೋಚಿಸಿ ಯೋಚಿಸಿ, ಹಳೆಯ ಕಟ್ಟಡಗಳನ್ನು ಕಾಪಾಡುವ ಇಲಾಖೆಗೆ ಒಂದು ಅರ್ಜಿ ಬರೆದೆ. ಹನ್ನೆರಡು ಪುಟ. ಕಿಟ್ಟದ ಬಣ್ಣ, ಅಯಸ್ಕಾಂತ, ತಲೆಮಾರು, ಯಾವುದನ್ನೂ ಬಿಡಲಿಲ್ಲ. ಪಾರಂಪರಿಕ ಓಣಿ ಎಂದು ಅವರು ಪಟ್ಟಿಗೆ ಸೇರಿಸಿಕೊಂಡರೆ ಯಾರೂ ಕೆಡವುವ ಹಾಗಿಲ್ಲ.

ಅರ್ಜಿ ಹೋದ ಸ್ವಲ್ಪ ದಿನಕ್ಕೇ ಅಣ್ಣ ತೀರಿಕೊಂಡರು. ವೆಲ್ಡಿಂಗ್ ಅಂಗಡಿಯಿಂದ ಮನೆಗೆ ಬಂದವರು ಕಟ್ಟೆಯ ಮೇಲೆ ಕೂತರು, ನೀರು ಕೇಳಿದರು, ತರುವಷ್ಟರಲ್ಲಿ ಇರಲಿಲ್ಲ. ನನಗೆ ಈಗಲೂ ಸಂಜೆ ಆ ಕಟ್ಟೆ ನೋಡಲು ಆಗುವುದಿಲ್ಲ. ಅಕ್ಕನ ಮಗಳಿಗೆ ಉಜ್ಜಿನಿ ಕಡೆಯ ಹುಡುಗನನ್ನು ನೋಡಿ ಮಾತು ಮುಗಿದಿತ್ತು. ಆಕೆಯೂ ಹುಡುಗನೂ ಒಂದೇ ಆಸ್ಪತ್ರೆಯಲ್ಲಿ ನರ್ಸು. ವರ್ಷ ತುಂಬಲಿ, ಆಮೇಲೆ ಲಗ್ನ ಎಂದು ಬೀಗರು ಒಪ್ಪಿಕೊಂಡರು. ನಮ್ಮ ಓಣಿಯಲ್ಲಿ ಸಾವಾದ ಮನೆಗೆ ವರ್ಷದ ಮನೆ ಎನ್ನುತ್ತಾರೆ. ಆ ಒಂದು ವರ್ಷ ಹಬ್ಬ ಇಲ್ಲ, ಬಾಗಿಲಿಗೆ ತೋರಣ ಇಲ್ಲ, ಸುಣ್ಣಬಣ್ಣವಂತೂ ಇಲ್ಲವೇ ಇಲ್ಲ. ನಮ್ಮಲ್ಲಿ ಸೂತಕ ಇಲ್ಲ ಎಂದು ಸ್ವಾಮಿಗಳು ಹೇಳುತ್ತಾರೆ, ಓಣಿ ಕೇಳಬೇಕಲ್ಲ. ಗಂಡ ಹೋದವಳು ಬೇರೆಯವರ ಹೊಸ್ತಿಲನ್ನೂ ಮೆಟ್ಟುವುದಿಲ್ಲ. ಅಕ್ಕ ಎಂಟು ತಿಂಗಳು ತನ್ನ ಬಾಗಿಲು ದಾಟಿ ನಮ್ಮ ಮನೆಗೆ ಬಂದಿರಲಿಲ್ಲ. ನನ್ನನ್ನು ಅಣಕಿಸುವುದನ್ನೂ ಬಿಟ್ಟಿದ್ದಳು.

ಆಗ ಬಂತು ಇಲಾಖೆಯ ಕಾಗದ. ಇಂಥ ದಿನ ಓಣಿ ನೋಡಲು ಬರುತ್ತೇವೆ ಎಂದು. ನಾನು ಕುಣಿಯುವುದೊಂದು ಬಾಕಿ. ಆದರೆ ಅದೇ ಹೊತ್ತಿಗೆ ನನಗೆ ಹಡಗಲಿಯಲ್ಲಿ ಹತ್ತು ದಿನದ ತರಬೇತಿ. ಹೊರಡುವಾಗ ಓಣಿಯ ಮೂಲೆಯ ಕಿರಾಣಿ ಅಂಗಡಿ ಯಜಮಾನನಿಗೆ, ಆತ ನಮ್ಮ ಓಣಿಯ ಹಿರಿತನ ಮಾಡುವವನು, ಹೇಳಿ ಹೋದೆ: "ದೊಡ್ಡೋರು ಬರ್ತಾರ. ಓಣಿ ಚಂದಾಗಿ ಇಟ್ಕೊಳ್ರಿ." ನಾಲಿಗೆ ಸುಟ್ಟುಹೋಗಬಾರದಿತ್ತೇ ಅವತ್ತು!

ಅವರು ಬರುವ ದಿನ ಬೆಳಿಗ್ಗೆ ಎಂಟರ ಬಸ್ಸಿಗೆ ನಾನು ಇಳಿದೆ. ಓಣಿಯ ಬಾಯಿಗೆ ಬಂದವಳು ಒಂದು ಕ್ಷಣ ತಪ್ಪಿ ಬೇರೆ ಓಣಿಗೆ ಬಂದೆನೇನೋ ಎಂದುಕೊಂಡೆ. ಗುಲಾಬಿ. ಆಕಾಶನೀಲಿ. ಅರಿಶಿನ. ನೇರಳೆ. ನನ್ನ ಮನೆ, ಹತ್ತು ದಿನದ ಕೆಳಗೆ ಮಳೆಗೆ ನವಿಲಿನಂತೆ ಮಿಂಚುತ್ತಿದ್ದ ನನ್ನ ಮನೆ, ಗಿಳಿ ಹಸಿರು. ನೆಲದ ತುಂಬ ರಂಗೋಲಿ. ಅಂಗಡಿ ಯಜಮಾನ ಹೊಸ ಅಂಗಿ ತೊಟ್ಟು, ಮದುಮಗಳ ತಂದೆಯ ಮುಖ ಮಾಡಿಕೊಂಡು ಎದುರಿಗೆ ಬಂದ.

"ಹೆಂಗೈತ್ರಿ ಟೀಚರ? ಕಿಟ್ಟಕ್ಕ ಬಣ್ಣ ಹಿಡೀವಲ್ದಾಗಿತ್ತು. ಬಿಡ್ಲಿಲ್ಲ. ಮೊದ್ಲು ಪ್ರೈಮರ್ ಹೊಡ್ಸಿ, ಮ್ಯಾಲೆ ಎರಡು ಕೈ ಬಣ್ಣ!"

"ಅಯ್ಯೋ ಶಿವನೇ, ಹಳೇದು ನೋಡಾಕ ಬರೋರ್ರೀ ಅವರು!"

"ಬರ್ಲಿ ಬಿಡ್ರಿ. ಮನಿಗೆ ಬಂದವರ ಮುಂದ ಹಳೇದು ತೋರಿಸ್ತಾರೇನ್ರಿ ಯಾರರ?"

 ಅವನು ಹೇಳಿದ್ದರಲ್ಲಿ ತಪ್ಪೇನಿದೆ? ನಾವು ಬೆಳೆದದ್ದೇ ಹಾಗೆ. ಬೀಗರು ಬಂದರೆ ಹರಿದ ಚಾಪೆ ಒಳಗೆ, ಹೊಸ ಜಮಖಾನ ಹೊರಗೆ. ಮೂವತ್ತಮೂರು ಮನೆಯವರು ತಮ್ಮ ತಮ್ಮ ಕೆಲಸ ಬಿಟ್ಟು, ಏಣಿ ಹತ್ತಿ, ಸೊಂಟ ನೋಯಿಸಿಕೊಂಡು ಬರುವವರಿಗೆ ಮರ್ಯಾದೆ ಮಾಡಿದ್ದರು. ನನ್ನ ಗಂಡನೂ ಸೇರಿ. ನನಗೆ ಗೊತ್ತಾಗದಿರಲಿ ಎಂದು ಹತ್ತು ದಿನ ಫೋನಿನಲ್ಲಿ ಒಂದು ಮಾತೂ ಆಡಿರಲಿಲ್ಲ ಮಹಾರಾಯ. ನಾನು ರಂಗೋಲಿಯ ಮೇಲೆಯೇ ಬ್ಯಾಗು ಇಟ್ಟು ಕೂತುಬಿಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹನ್ನೊಂದಕ್ಕೆ ಬಂದರು. ಬೆಂಗಳೂರು ಕಡೆಯ ಮೇಡಂ ಒಬ್ಬರು, ಜೊತೆಗೆ ಕ್ಯಾಮೆರಾದವನು. ಮೇಡಂ ಓಣಿಯ ಉದ್ದಕ್ಕೂ ಒಮ್ಮೆ ನಡೆದು ಬಂದು, ಬಹಳ ಮೆತ್ತಗೆ, "ಹಳೆಯ ಓಣಿ ಯಾವ ಕಡೆ ಇದೆ?" ಎಂದು ಕೇಳಿದರು.

"ಇದೇರಿ," ಎಂದೆ. 

ಅವರನ್ನು ಶಾಮಿಯಾನದ ಕೆಳಗೆ ಕೂರಿಸಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಟ್ಟರು. ಮೇಡಂ ಮರ್ಯಾದೆಗೆ ಒಂದು ಮಿರ್ಚಿ ತಿಂದು ಕಣ್ಣಲ್ಲಿ ನೀರು ತಂದುಕೊಂಡು ಗಡಿಯಾರ ನೋಡಿದರು. ಆಗ ನನಗೆ ಹೊಳೆಯಿತು: ಈ ಶಾಮಿಯಾನದ ಹಿಂದಿನ ಪರದೆ ಯಾಕೆ ಅಕ್ಕನ ಮನೆಗೆ ಅಡ್ಡ ಕಟ್ಟಿದ್ದಾರೆ? ಅಂಗಡಿ ಯಜಮಾನನನ್ನು ಪಕ್ಕಕ್ಕೆ ಕರೆದು ಕೇಳಿದೆ.

"ವರ್ಷದ ಮನಿ ಅಲ್ರಿ. ಬಣ್ಣ ಹಚ್ಚಂಗಿಲ್ಲ. ಬಂದವರ ಕಣ್ಣಿಗೆ ಬೀಳಬಾರ್ದು ಅಂತ ಅಡ್ಡ ಮಾಡೀವಿ."

ನಾನು ಹಿಂದೆ ಮುಂದೆ ನೋಡಲಿಲ್ಲ. ಹೋಗಿ ಪರದೆಯ ಹಗ್ಗ ಬಿಚ್ಚಿದೆ. ಬಟ್ಟೆ ಧೊಪ್ಪನೆ ಕೆಳಗೆ ಬಿತ್ತು. ಹಿಂದೆ ಅಣ್ಣನ ಗೋಡೆ. ಹೇಗಿತ್ತೋ ಹಾಗೆ. ಮೇಡಂ ತಟ್ಟೆ ಕೆಳಗಿಟ್ಟು ಎದ್ದರು. ಹತ್ತಿರ ಹೋದರು, ಅಂಗೈ ಇಟ್ಟರು, ಸೀರೆಯ ಪರಿವೆಯಿಲ್ಲದೆ ಮೊಣಕಾಲೂರಿ ಕೆಳಗಿನ ವರಸೆ ನೋಡಿದರು. ನಾನು ಅವರ ಕಿವಿಯ ಹತ್ತಿರ ಕೂತು ಎಲ್ಲ ಹೇಳಿದೆ: ಇದು ಅಪ್ಪನ ನೀಲಿ, ಇದು ಮಗ ಕಲಿಯುತ್ತಿದ್ದಾಗಿನ ಕಪ್ಪು, ಇಲ್ಲಿ ಕೈ ಕುದುರಿತು, ಇಲ್ಲಿಂದ ಮೇಲೆ ಅಪ್ಪನಿಗಿಂತ ಒಂದು ಕೈ ಮಿಗಿಲು. ಮೇಡಂ ಬೀಗದ ಕೈ ಗೊಂಚಲಿನ ಸಣ್ಣ ಅಯಸ್ಕಾಂತ ತೆಗೆದು ತಾವೇ ಹಿಡಿದು ನೋಡಿದರು. ಅದು ಕಚ್ಚಿಕೊಂಡಾಗ ಚಿಕ್ಕ ಹುಡುಗಿಯಂತೆ ನಕ್ಕರು. ಬಾಗಿಲ ಸಂದಿಯಲ್ಲಿ ಅಕ್ಕ ನಿಂತು ನೋಡುತ್ತಿದ್ದಳು.

ಹೋಗುವಾಗ ಮೇಡಂ ಹೇಳಿದರು: "ಈ ಒಂದು ಗೋಡೆ ಇರೋದಕ್ಕೆ ನಾನು ವರದಿ ಬರೀಬಹುದು. ಮೂರು ತಿಂಗಳಿಗೆ ಮತ್ತೆ ಬರ್ತೀವಿ. ಅಷ್ಟರಲ್ಲಿ ಉಳಿದ ಮನೆಗಳ ಬಣ್ಣ ತೆಗೀಬೇಕು, ಕಿಟ್ಟಕ್ಕೆ ಏಟು ಬೀಳದ ಹಾಗೆ. ಈ ಮನೆ ಮಾದರಿ ಅಂತ ಇರುತ್ತೆ. ಇದಕ್ಕೆ ಮಾತ್ರ ಏನೂ ಹಚ್ಚಬಾರದು. ಮನೆಯವರು ಈ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಕೊಡಲಿ."

"ಎಷ್ಟು ದಿನ ಹಚ್ಚಬಾರ್ದ್ರಿ?" ಎಂದು ಕೇಳಿದೆ.

"ಯಾವತ್ತೂ," ಎಂದರು.

ಸಂಜೆ ಕಾಗದ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಗೆದ್ದು ಬಂದವಳ ಹಾಗೆ ಹೋದೆ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅಕ್ಕ ಕಾಗದ ಮುಟ್ಟಲಿಲ್ಲ. ಮಂಚದ ಕೆಳಗಿನಿಂದ ಬಣ್ಣದ ಡಬ್ಬಿ ಎಳೆದು ಮುಂದಿಟ್ಟಳು. ತಿಳಿ ಹಳದಿ.

"ಮೊನ್ನಿ ಬೀಗರು ಬಂದಿದ್ರು," ಎಂದಳು. "ಓಣಿ ಬಾಯಾಗ ನಿಂತು ಯಾವುದವ್ವ ಮನಿ ಅಂತ ಕೇಳ್ಯಾರ. ಒಬ್ರಲ್ಲ ಒಬ್ರು, ಅದೋ ಆ ಕರೇದು, ಸತ್ತಾರಲ್ಲ, ಆ ಮನಿ ಅಂದಾರ. ಹುಡುಗನ ತಾಯಿ ಒಳಗ ಬಂದು ನೀರು ಕುಡೀಲಿಲ್ಲ ತಂಗಿ. ಮೊದ್ಲು ಎರಡು ಸಲ ಬಂದಾಗ ಎಲ್ಲಾ ಮನಿ ಹಂಗ ಇದ್ವು. ಆಕಿಗೆ ಏನೂ ಅನ್ನಿಸಿದ್ದಿಲ್ಲ. ಈಗ ನಂದೊಂದು ಮನಿ ಎದ್ದು ಕಾಣ್ತೈತಿ. ವರ್ಷ ತುಂಬಿದ ಮಾರನೇ ದಿನ ಇದನ್ನ ಹಚ್ಚಸ್ತೀನಿ."

"ಅಕ್ಕ, ಅದನ್ನ ಹಚ್ಚಿದ್ರ ಓಣಿ ಹೋಗ್ತೈತಿ."

"ಓಣಿ ಉಳೀಲಿ ಅಂತ ನನ್ನ ಮನಿ ಕಡೀತನಕ ವರ್ಷದ ಮನಿ ಆಗಿರ್ಬೇಕೇನು? ನನ್ನ ಮಗಳು ಸಾವಿನ ಮನಿಯಿಂದ ಹೊರಡಬೇಕೇನು?"

ನಾನು ಸುಮ್ಮನಿದ್ದಿದ್ದರೆ ಚೆನ್ನಿತ್ತು. "ಅದು ಅಣ್ಣನ ಗ್ವಾಡಿ ಅಕ್ಕ," ಎಂದೆ, ಆಕೆಗೆ ಗೊತ್ತಿಲ್ಲದವಳ ಹಾಗೆ.

ಅಕ್ಕನ ಮುಖ ಕೆಂಪಾಯಿತು. "ಅಣ್ಣನ ಗ್ವಾಡಿ! ಅವರು ಹೊಯ್ದು ಬಿಟ್ಟು ಬರ್ತಿದ್ರು. ಮಿಲ್ಲಿನಿಂದ ಇಲ್ಲೀತನಕ ಯಾರು ತಂದ್ರು? ಈ ತಲಿ ತಂದೈತಿ. ಸಿಂಬಿ ಇಟ್ಟು, ಒಂದು ಸಲಕ್ಕ ಮೂರು. ನೀಲೀದು ಆದ್ರ ನಾಕು, ಹಗೂರ ಇರ್ತೈತಿ. ಕರೇದು ಆದ್ರ ಎರಡ ಎರಡು. ಕುತ್ತಿಗಿ ಹೋಗ್ತಿತ್ತು. ಕಲಸಿ ಮೆತ್ತಿದಾಕಿ ನಾನು, ಈ ಹುಡುಗಿ ಹೊಟ್ಟ್ಯಾಗಿದ್ದಾಗ ಮ್ಯಾಲಿನ ವರಸಿ ಇಟ್ಟಾಕಿ ನಾನು. ಇಪ್ಪತ್ತಾರು ವರ್ಷ ಅವರ ಮುಂದ ಕುಂತು ಅದ್ಯಾಕ ಇದ್ಯಾಕ ಅಂತ ಕೇಳಿದಿ. ನನ್ನ ಒಂದಿನಾರ ಕೇಳಿದ್ಯಾ?"

ಕೇಳಿರಲಿಲ್ಲ. ಹನ್ನೆರಡು ಪುಟದ ಅರ್ಜಿಯಲ್ಲಿ ಒಂದು ಸಾಲೂ ಇರಲಿಲ್ಲ. ಬಾಗಿಲಿಗೆ ಬಂದು ತಮಾಷೆ ಮಾಡಿ ಒಳಗೆ ಹೋಗುವವಳು ಎಂದಷ್ಟೇ ನಾನು ಆಕೆಯನ್ನು ತಿಳಿದಿದ್ದೆ. ಎಲ್ಲವನ್ನೂ ಕೇಳುತ್ತೇನೆಂದು ಬೀಗುತ್ತಿದ್ದ ನನ್ನ ಮೇಲೆ ನನಗೇ ಹೇಸಿಗೆ ಬಂತು. ಕಾಗದ ಮಡಿಸಿಕೊಂಡು ಎದ್ದು ಬಂದೆ. 

ಭಾನುವಾರ ಬೆಳಿಗ್ಗೆ ಬಿಸಿನೀರು, ತೆಂಗಿನ ನಾರು, ಮರದ ಕೆರೆಯುವ ಪಟ್ಟಿ ತೆಗೆದುಕೊಂಡು ನನ್ನ ಮನೆಯ ಗಿಳಿ ಹಸಿರಿಗೆ ಕೈ ಹಚ್ಚಿದೆ. ಮೊದಲ ಚೂರು ಕಿತ್ತು ಬಂದ ಸದ್ದಿಗೆ ನನ್ನ ಗಂಡ ಚಹಾ ಬಟ್ಟಲು ಹಿಡಿದು ಹೊರಗೆ ಬಂದರು.

"ಏನ್ ಹುಚ್ಚೇ ನಿನಗ? ಯಾರು ಸತ್ತಾರಂತ ಮನಿ ಕೆರ್ಯಾಕ ಹತ್ತೀದಿ?"

ನಾನು ಪಟ್ಟಿಯನ್ನು ಬಿಸಿನೀರಿಗೆ ಅದ್ದಿದೆ. ಎದುರು ಸಾಲಿನ ಹೆಂಗಸರು ಒಬ್ಬೊಬ್ಬರೇ ಕಟ್ಟೆಗೆ ಬಂದು ನಿಂತರು. ಮುತ್ತೈದೆ ಹೊಸ ಬಣ್ಣದ ಮನೆಯನ್ನು ಕೆರೆದು ಕರಿ ಮಾಡುವುದೆಂದರೆ ಅವರ ಪ್ರಕಾರ ತನ್ನ ಕೈಯಾರೆ ತನ್ನ ಕರಿಮಣಿಗೆ ಕೈ ಹಾಕಿದಂತೆ. ಒಬ್ಬಳು ಬಿಡ್ತು ಬಿಡ್ತು ಎಂದಳು. ಅಂಗಡಿ ಯಜಮಾನ ದೂರದಿಂದಲೇ ಕೈ ಮುಗಿದ. ನನಗೂ ಒಳಗೊಳಗೆ ಅಳುಕಿತ್ತು, ಇಲ್ಲವೆಂದರೆ ಸುಳ್ಳು. ಗಂಡ ಹಿಂದೆ ನಿಂತು ಕೆಮ್ಮಿದರೆ ಸಾಕು, ತಿರುಗಿ ಅವರ ಮುಖ ನೋಡುತ್ತಿದ್ದೆ. ಆದರೂ ಕೆರೆದೆ. ಗಾಜಿನ ಮೈಯ ಮೇಲಿನ ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು, ಸಂದಿಯಲ್ಲಿನದು ಮಾತ್ರ ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೊಬ್ಬೆ ಎದ್ದವು. ಒಬ್ಬರೂ ಕೈ ಜೋಡಿಸಲಿಲ್ಲ.

ಮೂರನೆಯ ದಿನ, ಶಾಲೆ ಮುಗಿಸಿ ಬಂದು ಕೆರೆಯುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ಮುಂಗೈ ಹಿಡಿದರು. ಅಕ್ಕ. ತಲೆ ತುಂಬ ಸೆರಗು. ನಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು.

"ಬಿಡ ತಂಗಿ. ಮುತ್ತೈದಿ ಅದಿ. ನಂದು ನನಗಿರ್ಲಿ, ನೀ ಯಾಕ ಮಾಡ್ಕೊಂತಿ ಹಿಂಗ?"

"ನಿನ್ನ ಮನಿ ಒಂದ ಎದ್ದು ಕಾಣಂಗ ಮಾಡಿದಾಕಿ ನಾನ ಅಲ್ಲೇನಕ್ಕ," ಎಂದೆ. "ನಂದೂ ಕರ್ರಗ ಆದ್ರ ಎರಡಾಗ್ತಾವ. ಬೀಗರು ಕೇಳಿದ್ರ ಜನಕ್ಕ ಯಾವುದಂತ ತೋರಿಸಾಕ ಬರಂಗಿಲ್ಲ." ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು. "ಸಹಿ ಬ್ಯಾಡ. ಕಾಗದ ನಾ ಕೇಳಂಗಿಲ್ಲ ಇನ್ನ."

ಅಕ್ಕ ನನ್ನ ಗೋಡೆಯ ಕಡೆ ನೋಡಿದಳು. ನಾನು ಬಿಡಿಸಿದ್ದ ಜಾಗದಲ್ಲಿ ಬೆರಳಾಡಿಸಿ, "ನಿಮ್ಮತ್ತಿ ಇವನ್ನ ಹೊರುವಾಗ ನಾನು ಜೋಡಿ ಇದ್ದೆ. ಹಾದೀಲಿ ಒಂದ ಸಮನ ಬೈತಿದ್ಲು," ಎಂದಳು. ಆಮೇಲೆ ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡಳು. "ಏನ್ ಟೀಚರೋ ಏನೋ. ಹಿಂಗೇನ ಕೆರ್ಯಾದು? ಅಡ್ಡಡ್ಡ ಕೆರದ್ರ ಸಂದಿಂದು ಬರ್ತೈತೇನು? ಸರಿ ಅತ್ಲಾಗ."

ಎಂಟು ತಿಂಗಳ ಮೇಲೆ ಮೊದಲ ಸಲ ಆಕೆ ನನ್ನನ್ನು ಅಣಕಿಸಿದ್ದಳು. ನಾನು ಅಳುತ್ತಲೇ ನಕ್ಕೆ. ಕತ್ತಲಾಗುವವರೆಗೆ ಇಬ್ಬರೂ ಕೆರೆದೆವು. ಹೋಗುವಾಗ ಕೈ ತೊಳೆದುಕೊಂಡು ಹೇಳಿದಳು: "ಕಾಗದ ತಾ. ಸಹಿ ಹಾಕ್ತೀನಿ. ಆದ್ರ ಒಂದು ಮಾತು. ನನ್ನ ಮಗಳ ಲಗ್ನದ ದಿನ ಈ ಓಣ್ಯಾಗ ಒಂದ ಮನ್ಯಾಗೂ ಬಣ್ಣ ಇರಬಾರ್ದು. ಒಂದಂದ್ರ ಒಂದು."

ಆ ಮಾತನ್ನು ನಾನು ಮನೆ ಮನೆಗೆ ಹೊತ್ತೆ. ನನ್ನ ಗಂಡ ಎರಡು ದಿನ ಗೊಣಗಿ ಮೂರನೆಯ ದಿನ ಏಣಿ ತಂದರು. ಮದುಮಗಳಾಗುವ ಹುಡುಗಿ ಆಸ್ಪತ್ರೆಯಿಂದ ಬಂದವಳು ಯೂನಿಫಾರಂನಲ್ಲೇ ಎದುರು ಸಾಲಿನಲ್ಲಿ ಶುರು ಮಾಡಿದಳು. ಒಂದು ವಾರಕ್ಕೆ ಆರು ಮನೆ, ತಿಂಗಳಿಗೆ ಹತ್ತೊಂಬತ್ತು. ಕೆಲವರು ಬಾಗಿಲು ತೆಗೆಯಲಿಲ್ಲ. ಅಂಗಡಿ ಯಜಮಾನ ನನ್ನನ್ನು ನಾಲ್ಕು ಸಲ ವಾಪಸು ಕಳಿಸಿದ.

ಐದನೆಯ ಸಲ ನಾನು ಒಬ್ಬಳೇ ಹೋಗಲಿಲ್ಲ. ಅಕ್ಕ ಜೊತೆಗೆ ಬಂದಳು, ಹಗಲು ಹೊತ್ತಿನಲ್ಲಿ, ಓಣಿಯ ನಟ್ಟನಡುವೆ, ಕೈಯಲ್ಲಿ ನಾರು ಹಿಡಿದುಕೊಂಡು. ಆತ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತ. ಆಕೆಯ ಮುಖ ನೋಡಲಾರದೆ ನನಗೇ ಹೇಳಿದ:

"ಟೀಚರ, ಸಾಕು ಮಾಡ್ರಿ. ಚಂದಾಗಿರೋ ಮನಿ. ಯಾರು ಸತ್ತಾರಂತ ಕೆರೀಲಿ?"

ಅಕ್ಕ ಅವನ ಮೆಟ್ಟಿಲು ಹತ್ತಿದಳು.

"ಯಾರೂ ಸತ್ತಿಲ್ಲಪ್ಪ," ಎಂದಳು. "ನನ್ನ ಮಗಳ ಲಗ್ನ ಐತಿ. ಕೆರಿ."